ಮುತ್ಯಾನ ಕಣ್ಣು ತೋರಿಸಲು ಹೊರಟವರಿಗೆ: ಮೋತಿಬಿಂದು, ಕಣ್ಣಿನ ಒತ್ತಡ ಎರಡನ್ನೂ ನೋಡಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಅರವತ್ತು ದಾಟಿದವರ ಕಣ್ಣು ಮಬ್ಬಾದರೆ ಮನೆಯಲ್ಲಿ ಮೊದಲು ಬರುವ ಮಾತು ‘ಮೋತಿಬಿಂದು ಬಂದದ’ ಎಂದೇ. ಬಹಳ ಸಲ ಅದು ನಿಜವೂ ಹೌದು. ಆದರೆ ಅದೇ ಕಣ್ಣಿನಲ್ಲಿ, ಪೊರೆಯ ಮರೆಯಲ್ಲಿ, ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಕೂಡ ಇರಬಹುದು. ಉರ್ದು ಮಾತಾಡುವ ಮನೆಗಳಲ್ಲಿ ಇದನ್ನು ‘ಕಾಲಾ ಮೋತಿಯಾ’ ಎನ್ನುತ್ತಾರೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಎರಡೂ ಒಂದೇ ರೋಗ, ಎರಡನ್ನೂ ಆಪರೇಷನ್ ಮಾಡಿ ತೆಗೆಯಬಹುದು ಎಂದು ತಿಳಿದವರು ಬಹಳ. ಪೊರೆಯಿಂದ ಹೋದ ನೋಟ ಆಪರೇಷನ್ ಆದ ಮರುದಿನವೇ ಮರಳಬಹುದು. ಗ್ಲಾಕೋಮಾದಿಂದ ಹೋದ ನೋಟ ಯಾವ ಔಷಧಕ್ಕೂ, ಯಾವ ಆಪರೇಷನ್‌ಗೂ ಮರಳುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೆ. ಹಾಗಾಗಿ ಮುತ್ಯಾನನ್ನೋ ಆಯಿಯನ್ನೋ ದವಾಖಾನೆಗೆ ಕರೆದೊಯ್ಯುವ ಮಗ, ಸೊಸೆ, ಮೊಮ್ಮಗಳು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋಗಬೇಕು: ಪೊರೆ ನೋಡುವಾಗಲೇ ಕಣ್ಣಿನ ಒತ್ತಡ ಮತ್ತು ಕಣ್ಣಿನ ನರವನ್ನೂ ನೋಡಿಸಬೇಕು.

ಕಣ್ಣಿನೊಳಗೆ ನಡೆಯುವುದೇನು

ಕಣ್ಣಿನ ಮಸೂರಕ್ಕೂ ಅಡುಗೆಮನೆಯ ಮಸೂರ ಬೇಳೆಗೂ ಹೆಸರು ಒಂದೇ, ಆಕಾರವೂ ಹೆಚ್ಚುಕಡಿಮೆ ಒಂದೇ. ಅಗಲ 9ರಿಂದ 10 ಮಿ.ಮೀ., ದಪ್ಪ ಸುಮಾರು 4 ಮಿ.ಮೀ. ಪಾಪೆಯ ಹಿಂದೆ, ತೆಳುವಾದ ಒಂದು ಚೀಲದೊಳಗೆ ಅದು ಕೂತಿರುತ್ತದೆ. ಅದಕ್ಕೆ ರಕ್ತನಾಳವಿಲ್ಲ, ಕಣ್ಣಿನ ಮುಂಭಾಗದಲ್ಲಿ ಹರಿಯುವ ತಿಳಿನೀರಿನಿಂದಲೇ ಅದರ ಪೋಷಣೆ. ವಯಸ್ಸಾದಂತೆ ಮಸೂರದೊಳಗಿನ ಪ್ರೋಟೀನ್ ಗಂಟುಕಟ್ಟಿ ಪಾರದರ್ಶಕತೆ ಹೋಗುತ್ತದೆ. ಅದೇ ಪೊರೆ. ಹೊರಗಿನಿಂದ ಬಂದು ಕೂರುವ ಪದರ ಅದಲ್ಲ, ಹಾಗಾಗಿ ಯಾವ ಹನಿ ಹಾಕಿದರೂ, ಯಾವ ಎಲೆ ಅರೆದು ಹಚ್ಚಿದರೂ ಕರಗುವುದಿಲ್ಲ. ಈರುಳ್ಳಿ ರಸ, ಜೇನು, ಎದೆಹಾಲು ಹಾಕಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹುಣ್ಣು ಮಾಡಿಕೊಂಡರೆ, ಸುಲಭವಾಗಿ ಮರಳಬೇಕಾದ ನೋಟವನ್ನು ಕೈಯಾರೆ ಕಳೆದುಕೊಂಡಂತೆ.

ಪೊರೆ ಮಸೂರದ ಯಾವ ಭಾಗದಲ್ಲಿದೆ ಎಂಬುದರ ಮೇಲೆ ತಕರಾರು ಬದಲಾಗುತ್ತದೆ. ನಡುವಿನ ತಿರುಳು ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿದರೆ ದೂರದ್ದು ಮಸುಕಾಗಿ, ಹತ್ತಿರದ್ದು ಕೆಲವು ತಿಂಗಳು ಚೆನ್ನಾಗಿ ಕಾಣುತ್ತದೆ. ‘ಓದಾಕ ಈಗ ಚಾಳೀಸು ಬ್ಯಾಡ’ ಎಂದು ಹಿರಿಯರು ಖುಷಿಪಟ್ಟರೆ ನೋಟ ಸುಧಾರಿಸಿದೆ ಎಂದುಕೊಳ್ಳಬೇಡಿ. ಪೊರೆ ಬೆಳೆಯುತ್ತಿರುವ ಗುರುತು ಅದು. ಅಂಚಿನಿಂದ ಬಂಡಿಚಕ್ರದ ಅರಗಳಂತೆ ಬಿಳಿ ಗೆರೆ ಬಂದರೆ ರಾತ್ರಿ ಎದುರಿನ ಗಾಡಿಯ ಲೈಟು ಚೂರುಚೂರಾಗಿ ಚದುರುತ್ತದೆ. ಹಿಂಬದಿಯ ಪದರದಲ್ಲಿ ಪೊರೆ ಬಂದವರಿಗೆ ಬಿಸಿಲಿನಲ್ಲಿ ಕಾಣುವುದಿಲ್ಲ, ನೆರಳಿಗೆ ಬಂದರೆ ಕಾಣುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಇದು ಐವತ್ತಕ್ಕೂ ಮೊದಲೇ ಬರಬಹುದು. ಕಲ್ಲಿನ ಖಣಿಯಲ್ಲಿ ಚೂರು ಸಿಡಿದೋ, ಎತ್ತಿನ ಕೊಂಬು ತಾಗಿಯೋ, ಬಾರುಕೋಲಿನ ಪೆಟ್ಟಿನಿಂದಲೋ ಬರುವ ಪೊರೆಗೆ ವಯಸ್ಸಿನ ಹಂಗಿಲ್ಲ. ಆ ಕಣ್ಣಿನಲ್ಲಿ ಮಸೂರ ಜಾಗ ಬಿಟ್ಟು ಸರಿದಿರಲೂಬಹುದು. ವರ್ಷಗಳು ಕಳೆದ ಮೇಲೆ ಒತ್ತಡ ಏರಲೂಬಹುದು. ಪೆಟ್ಟಾದ ಕಣ್ಣನ್ನು ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು.

ಗ್ಲಾಕೋಮಾದ ಕತೆ ಬೇರೆ. ಮಸೂರಕ್ಕೆ ಊಟ ಕೊಡುವ ಆ ತಿಳಿನೀರು ನಿಮಿಷಕ್ಕೆ ಎರಡು, ಎರಡೂವರೆ ಮೈಕ್ರೋಲೀಟರ್‌ನಷ್ಟು ಹುಟ್ಟುತ್ತಲೇ ಇರುತ್ತದೆ. ಕಪ್ಪುಗುಡ್ಡೆ ಮತ್ತು ಬಿಳಿಗುಡ್ಡೆ ಕೂಡುವ ಮೂಲೆಯ ಜರಡಿಯಿಂದ ಹೊರಗೆ ಹರಿಯುತ್ತದೆ. ಜರಡಿ ಕಟ್ಟಿದರೆ ಅಥವಾ ಮೂಲೆಯೇ ಮುಚ್ಚಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ. ಒತ್ತಡ ಹೆಚ್ಚಾಗಿ ನಿಂತರೆ ಹಿಂದಿನ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಒಂದು ಕಣ್ಣಿನ ನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ, ಅದಕ್ಕೇ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಕೊನೆಯವರೆಗೂ ಉಳಿಯುತ್ತದೆ. ಆಯಿ ಸೂಜಿಗೆ ದಾರ ಪೋಣಿಸುತ್ತಾಳೆ, ಆದರೆ ಪಕ್ಕದಲ್ಲಿಟ್ಟ ಕೊಡಕ್ಕೆ ಎಡವುತ್ತಾಳೆ. ಇಂಥದ್ದನ್ನು ಕಂಡಾಗ ‘ವಯಸ್ಸಾಯ್ತು’ ಎಂದು ಸುಮ್ಮನಾಗಬೇಡಿ. ಒತ್ತಡ 21ರ ಒಳಗಿದ್ದೂ ನರ ಹಾಳಾಗುವವರಿದ್ದಾರೆ. ಬರೀ ಒತ್ತಡದ ಅಂಕಿ ನೋಡಿ ‘ಏನಿಲ್ಲ’ ಎನ್ನಲಾಗದು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಗೋಡೆಯ ಕ್ಯಾಲೆಂಡರಿನಿಂದ ಹತ್ತು ಅಡಿ ದೂರ ಕೂರಿಸಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ಬೆರಳುಗಳಿಂದ ಬೇಡ, ಸಂದಿಯಿಂದ ಕಾಣುತ್ತದೆ, ಒತ್ತಿದರೆ ಆಮೇಲೆ ಆ ಕಣ್ಣು ಮಬ್ಬಾಗುತ್ತದೆ. ತಾರೀಖಿನ ಅಂಕಿ ಓದಿಸಿ. ಅಕ್ಷರ, ಅಂಕಿ ಬಾರದವರಿಗೆ ನಿಮ್ಮ ಬೆರಳು ತೋರಿಸಿ ಎಣಿಸಲು ಹೇಳಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡುವ ಅಭ್ಯಾಸದಿಂದಾಗಿ ಒಂದು ಕಣ್ಣು ಪೂರ್ತಿ ಹೋದದ್ದು ಎಷ್ಟೋ ತಿಂಗಳು ಗೊತ್ತೇ ಆಗಿರುವುದಿಲ್ಲ. ಈ ಎರಡು ನಿಮಿಷದ ಕೆಲಸ ಅದನ್ನು ಹೊರಗೆ ತರುತ್ತದೆ. ಕನ್ನಡಕ ಇದ್ದವರು ಹಾಕಿಕೊಂಡೇ ನೋಡಲಿ. ಈ ಪರೀಕ್ಷೆ ಪೊರೆಗೆ ಸಾಕು, ಗ್ಲಾಕೋಮಾಗೆ ಸಾಲದು. ಗ್ಲಾಕೋಮಾ ಹಿಡಿಯುವ ಪರೀಕ್ಷೆ ಮನೆಯಲ್ಲಿಲ್ಲ.

ಕೆಲವು ಲಕ್ಷಣಗಳಿಗೆ ಅಪಾಯಿಂಟ್‌ಮೆಂಟ್ ಕಾಯಬಾರದು. ಕಣ್ಣು ಕೆಂಪಾಗಿ ವಿಪರೀತ ನೋವು, ಅದೇ ಬದಿಗೆ ತಲೆನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ, ಮಬ್ಬು ನೋಟ: ಇವು ಒಟ್ಟಿಗೆ ಬಂದರೆ ಮೂಲೆ ಪಟ್ಟನೆ ಮುಚ್ಚಿಕೊಂಡ ಗ್ಲಾಕೋಮಾ ಇರಬಹುದು. ಒತ್ತಡ 40, 50, 60ಕ್ಕೆ ಏರಿರುತ್ತದೆ. ವಾಂತಿ ನೋಡಿ ‘ಪಿತ್ತ ಆಗ್ಯಾದ’ ಎಂದು ನಿಂಬೆಹಣ್ಣಿನ ನೀರು ಕುಡಿಸಿ ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ನರಕ್ಕೆ ಆಗಬೇಕಾದ ಹಾನಿ ಆಗಿಹೋಗುತ್ತದೆ. ರಾತ್ರಿಯಾದರೂ ಸರಿ, ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಹೊರಡಿ. ಅಲ್ಲಿ ಮಾತ್ರೆ, ರಕ್ತನಾಳಕ್ಕೆ ಕೊಡುವ ಔಷಧ, ಹನಿಗಳಿಂದ ಒತ್ತಡ ಇಳಿಸಿ, ಆಮೇಲೆ ಲೇಸರ್‌ನಿಂದ ಕಣ್ಣಿನ ಬಣ್ಣದ ಪದರದಲ್ಲಿ ಸಣ್ಣ ಕಿಂಡಿ ಮಾಡುತ್ತಾರೆ. ಇನ್ನೊಂದು ಕಣ್ಣಿಗೂ ಆ ಕಿಂಡಿ ಮಾಡಬೇಕಾಗುತ್ತದೆ. ‘ಆ ಕಣ್ಣಿಗೆ ಏನೂ ಆಗಿಲ್ಲವಲ್ಲ’ ಎಂದು ಬೇಡ ಎನ್ನಬೇಡಿ, ರಚನೆ ಎರಡರದ್ದೂ ಒಂದೇ.

‘ಹಣ್ಣಾಗಲಿ’ ಎಂದು ಕಾಯುವುದು

ಪೊರೆ ಹಣ್ಣಾದ ಮೇಲೆಯೇ ತೆಗೆಸಬೇಕು ಎಂಬ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಸಾಲುಸಾಲಾಗಿ ಜನರ ಕಣ್ಣು ತೆರೆಸುತ್ತಿದ್ದ ಶಿಬಿರಗಳ ಕಾಲದಲ್ಲಿ ಇಡೀ ಮಸೂರವನ್ನೇ ಹೊರತೆಗೆದು, ಸುಮಾರು +10 ಪವರಿನ ದಪ್ಪ ಸೋಡಾಬುಡ್ಡಿ ಕನ್ನಡಕ ಕೊಡುವುದು ವಾಡಿಕೆ. ಅದರಿಂದ ನೋಟ ಬಂದರೂ ವಸ್ತುಗಳು ದೊಡ್ಡದಾಗಿ, ವಕ್ರವಾಗಿ ಕಾಣುತ್ತಿದ್ದವು. ಇನ್ನೂ ಕೆಲಸಕ್ಕೆ ಬರುವ ಕಣ್ಣಿಗೆ ಹಾಗೆ ಮಾಡುವುದಕ್ಕಿಂತ ಕಾಯುವುದೇ ಮೇಲಿತ್ತು. ಈಗ ಪೊರೆ ತೆಗೆದು ಅದೇ ಚೀಲದೊಳಗೆ ಕೃತಕ ಮಸೂರ ಕೂರಿಸುತ್ತಾರೆ. 1949ರಲ್ಲಿ ಲಂಡನ್‌ನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಸಲ ಮಾಡಿದ ಈ ಕೆಲಸ ಇಂದು ತಾಲ್ಲೂಕಿನವರಿಗೂ ಸಿಗುತ್ತದೆ. ಹಾಗಾಗಿ ಅಳತೆ ಒಂದೇ: ದಿನದ ಕೆಲಸಕ್ಕೆ ತೊಡಕಾಗುತ್ತಿದೆಯೇ? ಅಕ್ಕಿಯಲ್ಲಿ ಕಲ್ಲು ಆರಿಸಲು, ಬಸ್ಸಿನ ಬೋರ್ಡು ಓದಲು, ರಾತ್ರಿ ಅಂಗಳಕ್ಕೆ ಇಳಿಯಲು ಆಗದಿದ್ದರೆ ಸಮಯ ಬಂದಿದೆ.

ಕಾಯುವುದರಲ್ಲಿ ಅಪಾಯವೂ ಇದೆ. ಪೂರ್ತಿ ಬಿಳಿಯಾದ ಪೊರೆ ಊದಿಕೊಂಡು ಮೂಲೆಯನ್ನು ಮುಚ್ಚಿಬಿಡಬಹುದು; ಇನ್ನೂ ಬಿಟ್ಟರೆ ಒಳಗಿನದು ನೀರಾಗಿ ಚೀಲದಿಂದ ಸೋರಿ ಜರಡಿಯನ್ನು ಕಟ್ಟಬಹುದು. ಎರಡರಲ್ಲೂ ಒತ್ತಡ ಏರಿ, ಪೊರೆಯಾಗಿದ್ದದ್ದು ಗ್ಲಾಕೋಮಾ ಆಗುತ್ತದೆ. ಒಂದು ಕಣ್ಣು ಕಾಣುತ್ತದೆಂದು ಇನ್ನೊಂದನ್ನು ವರ್ಷಗಟ್ಟಲೆ ಬಿಟ್ಟವರಿಗೆ ಆಗುವುದು ಇದೇ. ‘ಥಂಡಿ ದಿನದಾಗ ಮಾಡಿಸಬೇಕು’ ಎಂಬುದಕ್ಕೂ ಈಗ ಕಾರಣವಿಲ್ಲ, ಬೇಸಿಗೆಯಲ್ಲೂ ಮಾಡಿಸಬಹುದು. ನಮ್ಮ ಕಡೆ ಡಿಸೆಂಬರ್, ಜನವರಿ ಎಂದರೆ ತೊಗರಿ ರಾಶಿಯ ದಿನಗಳು. ಆಗ ಆಪರೇಷನ್ ಮಾಡಿಸಿಕೊಂಡು ವಾರಕ್ಕೇ ಹೊಲದ ಧೂಳಿಗೆ ಇಳಿಯುವುದು ಬೇಸಿಗೆಯ ಬೆವರಿಗಿಂತ ಕೆಟ್ಟದ್ದು.

ಮೊದಲ ಭೇಟಿಯಲ್ಲಿ ಕೇಳಿ ಮಾಡಿಸಬೇಕಾದ್ದು

ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಸಂಸ್ಥೆಗಳು; ಕಣ್ಣಿನ ವಿಭಾಗಕ್ಕೆ ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮೊದಲ ತಪಾಸಣೆ ಮಾಡುವ ಆಶಾಕಿರಣ ಯೋಜನೆ ಕೆಲವು ಜಿಲ್ಲೆಗಳಲ್ಲಿ ನಡೆದಿದೆ, ಸಂಘಸಂಸ್ಥೆಗಳ ಶಿಬಿರಗಳೂ ನಡೆಯುತ್ತವೆ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಹಳೆಯ ಕನ್ನಡಕ, ಹಳೆಯ ಚೀಟಿಗಳ ಜೊತೆಗೆ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ. ಮೂತ್ರ ಸಲೀಸಾಗಲು ಗಂಡಸರು ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ಆಪರೇಷನ್ ವೇಳೆ ಕಣ್ಣಿನ ಬಣ್ಣದ ಪದರವನ್ನು ಸಡಿಲಗೊಳಿಸಿ ತೊಂದರೆ ಕೊಡುತ್ತದೆ. ಅದನ್ನು ಸರ್ಜನ್‌ಗೆ ಮೊದಲೇ ಹೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೇಳಿ ಕೇಳಿ.

ಶಿಬಿರದಲ್ಲಿ ಜನ ಬಹಳ, ಸಮಯ ಕಡಿಮೆ. ಟಾರ್ಚು ಹಾಕಿ ‘ಪೊರೆ ಇದೆ, ಬಸ್ ಹತ್ತಿ’ ಎನ್ನುವವರೆಗೆ ಅದು ತನ್ನ ಕೆಲಸ ಮಾಡಿದೆ. ಆದರೆ ಆಪರೇಷನ್ನಿಗೆ ಮೊದಲು ಆಸ್ಪತ್ರೆಯಲ್ಲಿ ಈ ಕೆಳಗಿನವು ಆಗಿವೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಒತ್ತಡ ಎಷ್ಟು? ಗಾಳಿ ಊದಿ ನೋಡುವ ಯಂತ್ರ ಮೊದಲ ತಪಾಸಣೆಗೆ ಸಾಕು. ಅಂಕಿ ಹೆಚ್ಚಿದ್ದರೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಮುಟ್ಟಿ ಅಳೆಯುವ ಯಂತ್ರದಿಂದ ಖಾತ್ರಿ ಮಾಡಬೇಕು. ಕಾರ್ನಿಯಾ ದಪ್ಪಗಿದ್ದರೆ ಅಂಕಿ ಹೆಚ್ಚು ತೋರಿಸುತ್ತದೆ, ತೆಳ್ಳಗಿದ್ದರೆ ಕಡಿಮೆ. ಮೂಲೆ ತೆರೆದಿದೆಯೇ, ಇಕ್ಕಟ್ಟಾಗಿದೆಯೇ? ಇದನ್ನು ಕಣ್ಣಿಗೆ ಕನ್ನಡಿಯ ಮಸೂರ ತಾಗಿಸಿ ನೋಡುತ್ತಾರೆ. ನಮ್ಮ ದೇಶದಲ್ಲಿ ಇಕ್ಕಟ್ಟಾದ ಮೂಲೆಯವರು ಕಡಿಮೆಯಿಲ್ಲ, ಹಾಗಾಗಿ ಪಾಪೆ ಅಗಲಿಸುವ ಹನಿ ಹಾಕುವ ಮೊದಲೇ ಇದು ಗೊತ್ತಾಗಿರಬೇಕು. ನರದ ಬಟ್ಟಲು (ನರದ ತುದಿಯ ನಡುವಿನ ಗುಳಿ, ಇಡೀ ತುದಿಯಲ್ಲಿ ಅದರ ಪಾಲು) ಎಷ್ಟು? ಚೀಟಿಯಲ್ಲಿ 0.3, 0.7 ಎಂದು ಬರೆದಿರುತ್ತಾರೆ. 0.3 ಸುತ್ತಮುತ್ತ ಇದ್ದರೆ ಸಾಮಾನ್ಯ, 0.6, 0.7 ಇದ್ದರೆ, ಅಥವಾ ಎರಡು ಕಣ್ಣಿನ ನಡುವೆ 0.2ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮುಂದಿನ ತಪಾಸಣೆ ಬೇಕು. ಪೊರೆ ದಟ್ಟವಾಗಿ ನರ ಕಾಣದಿದ್ದರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳುತ್ತಾರೆ, ಪಾಪೆ ಬೆಳಕಿಗೆ ಹೇಗೆ ಕುಗ್ಗುತ್ತದೆ ಎಂದು ನೋಡುತ್ತಾರೆ, ಶಬ್ದದ ಸ್ಕ್ಯಾನ್ (ಅಲ್ಟ್ರಾಸೌಂಡ್) ಮಾಡುತ್ತಾರೆ. ಇವೆಲ್ಲ ಪೊರೆಯ ಹಿಂದೆ ಕಣ್ಣು ಬದುಕಿದೆಯೇ ಎಂದು ತಿಳಿಯುವ ದಾರಿಗಳು. ಅವುಗಳ ಫಲ ಕೇಳದೆ ಆಪರೇಷನ್ ಮಾಡಿಸಿ, ಆಮೇಲೆ ನೋಟ ಬರಲಿಲ್ಲವೆಂದು ‘ಆಪರೇಷನ್ ಫೇಲಾಯ್ತು’ ಎನ್ನುವವರಲ್ಲಿ ಹಲವರ ನರ ಮೊದಲೇ ಹೋಗಿರುತ್ತದೆ.

ಪಾಪೆ ಅಗಲಿಸಿದ ಮೇಲೆ ನಾಲ್ಕರಿಂದ ಆರು ತಾಸು ಬಿಸಿಲು ಚುಚ್ಚುತ್ತದೆ. ಟೋಪಿಯೋ ಕಪ್ಪು ಕನ್ನಡಕವೋ ಇರಲಿ, ಗಾಡಿ ಓಡಿಸಲು ಕೊಡಬೇಡಿ.

ಆಪರೇಷನ್ನಿನ ತಯಾರಿ ಮತ್ತು ಮಸೂರದ ಆಯ್ಕೆ

ಬಿಪಿ, ಸಕ್ಕರೆ, ಇಸಿಜಿ ನೋಡುತ್ತಾರೆ. ಅದರ ಜೊತೆ ಕಣ್ಣೀರಿನ ನಾಳಕ್ಕೆ ನೀರು ಹಾಯಿಸಿ ನೋಡುವುದು ಮುಖ್ಯ. ನಾಳ ಕಟ್ಟಿ ಕೀವು ನಿಂತಿದ್ದರೆ ಆ ಕೀವು ಆಪರೇಷನ್ ಆದ ಕಣ್ಣಿಗೆ ಇಳಿಯುತ್ತದೆ. ಮೊದಲು ನಾಳ, ಆಮೇಲೆ ಪೊರೆ. ಕಾಲಿನ ಹುಣ್ಣು, ಹಲ್ಲಿನ ಕೀವು, ಕೆಮ್ಮು ಇದ್ದರೆ ಮುಚ್ಚಿಡಬೇಡಿ. ಕೆಮ್ಮು ಸಣ್ಣದು ಅನ್ನಿಸುತ್ತದೆ, ಆದರೆ ಕಣ್ಣು ತೆರೆದಿಟ್ಟು ಕೆಲಸ ಮಾಡುತ್ತಿರುವಾಗ ಒಂದು ಜೋರು ಕೆಮ್ಮು ಬಂದರೂ ಒಳಗಿನದು ಹೊರಗೆ ತಳ್ಳಿಬರುತ್ತದೆ.

ಯಾವ ಪವರಿನ ಮಸೂರ ಹಾಕಬೇಕೆಂದು ಕಾರ್ನಿಯಾದ ಬಾಗು ಮತ್ತು ಕಣ್ಣಿನ ಉದ್ದ ಅಳೆದು ಲೆಕ್ಕ ಹಾಕುತ್ತಾರೆ. ಕಣ್ಣಿನ ಉದ್ದ ಸರಾಸರಿ 23.5 ಮಿ.ಮೀ.; ಅಳತೆಯಲ್ಲಿ ಒಂದೇ ಮಿ.ಮೀ. ತಪ್ಪಿದರೂ ಕನ್ನಡಕದ ಪವರ್ ಸುಮಾರು 2.5ರಷ್ಟು ತಪ್ಪುತ್ತದೆ. ಆದ್ದರಿಂದ ಅಳೆಯುವಾಗ ಹಿರಿಯರು ಅಲುಗಾಡದೆ ನೇರ ನೋಡುವಂತೆ ಪಕ್ಕದಲ್ಲಿ ನಿಂತು ಅವರ ಮಾತಿನಲ್ಲೇ ಹೇಳಿ.

ಆಪರೇಷನ್ನಿನಲ್ಲಿ ಎರಡು ಬಗೆ. ಸಣ್ಣ ಗಾಯದ ಹೊಲಿಗೆಯಿಲ್ಲದ ಕೈ ಆಪರೇಷನ್ನಿನಲ್ಲಿ 6ರಿಂದ 7 ಮಿ.ಮೀ. ಸುರಂಗ ಮಾಡಿ ತಿರುಳನ್ನು ಇಡಿಯಾಗಿ ತೆಗೆಯುತ್ತಾರೆ. ಫೇಕೋದಲ್ಲಿ 2.2ರಿಂದ 2.8 ಮಿ.ಮೀ. ಗಾಯದಿಂದ, ಶಬ್ದದ ಅಲೆಯಲ್ಲಿ ತಿರುಳನ್ನು ಪುಡಿಮಾಡಿ ಹೀರುತ್ತಾರೆ. ಮಡಚುವ ಮಸೂರ ಒಳಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಫೇಕೋದಲ್ಲಿ ಕಣ್ಣು ಬೇಗ ಸುಧಾರಿಸುತ್ತದೆ, ಕನ್ನಡಕದ ಅಡ್ಡಪವರ್ (ಸಿಲಿಂಡರ್ ನಂಬರು) ಕಡಿಮೆ. ಆದರೆ ಹಳ್ಳಿಯಿಂದ ತಡವಾಗಿ ಬರುವ ಗಟ್ಟಿ ಕಂದು ಪೊರೆಗೆ ಕೈ ಆಪರೇಷನ್ ಒಳ್ಳೆಯ ಆಯ್ಕೆ. ಗಟ್ಟಿ ತಿರುಳನ್ನು ಪುಡಿಮಾಡಲು ಹೆಚ್ಚು ಶಕ್ತಿ ಹಾಯಿಸಿದರೆ ಕಾರ್ನಿಯಾ ಊದುತ್ತದೆ. ಪುಕ್ಕಟೆ ಸಿಗುವುದು ಕೀಳು ಎಂದು ಸಾಲ ಮಾಡಿ ದುಬಾರಿಗೆ ಹೋಗುವ ಅಗತ್ಯ ಬಹುತೇಕರಿಗೆ ಇಲ್ಲ. ದೂರ ಹತ್ತಿರ ಎರಡನ್ನೂ ಕೊಡುವ ಮಲ್ಟಿಫೋಕಲ್ ಮಸೂರಗಳ ಬಗ್ಗೆ ಮಾತ್ರ ಎಚ್ಚರ: ಅವು ಬೆಳಕನ್ನು ಹಂಚುವುದರಿಂದ ಮಬ್ಬು ಬೆಳಕಿನಲ್ಲಿ ವಸ್ತುವನ್ನು ಹಿನ್ನೆಲೆಯಿಂದ ಬೇರೆಯಾಗಿ ಗುರುತಿಸುವ ಶಕ್ತಿ ಕಡಿಮೆಯಾಗುತ್ತದೆ. ಗ್ಲಾಕೋಮಾ ಇದ್ದ ಕಣ್ಣು ಆ ಶಕ್ತಿಯನ್ನು ಮೊದಲೇ ಕಳೆದುಕೊಂಡಿರುತ್ತದೆ. ಅವರಿಗೆ ಒಂದೇ ದೂರದ ಸಾದಾ ಮಸೂರ, ಓದಲು ಚಾಳೀಸು: ಇದೇ ಸುರಕ್ಷಿತ.

ಇಕ್ಕಟ್ಟು ಮೂಲೆಯವರಿಗೆ ಪೊರೆ ತೆಗೆಯುವುದರಿಂದ ಇನ್ನೊಂದು ಲಾಭವಿದೆ. ದಪ್ಪ ಮಸೂರ ಹೋಗಿ ತೆಳುವಾದದ್ದು ಬಂದಾಗ ಮೂಲೆ ಅಗಲವಾಗಿ ಒತ್ತಡ ಇಳಿಯಬಹುದು. ಗ್ಲಾಕೋಮಾ ಮುಂದುವರಿದವರಿಗೆ ಪೊರೆಯ ಜೊತೆಗೇ ನೀರು ಹರಿಯಲು ಹೊಸ ದಾರಿ ಮಾಡುವ ಆಪರೇಷನ್ನನ್ನೂ ಮಾಡುತ್ತಾರೆ. ಅಂಥ ಕಣ್ಣು ಎಷ್ಟೇ ವರ್ಷವಾದ ಮೇಲೂ ಕೆಂಪಾದರೆ, ಕೀವಾದರೆ ಅಂದೇ ತೋರಿಸಬೇಕು.

ಮನೆಗೆ ಬಂದ ಮೇಲಿನ ಆರು ವಾರ

ಬಿಡುಗಡೆ ಚೀಟಿಯ ಜೊತೆ ಕೃತಕ ಮಸೂರದ ಪವರ್, ಸಂಖ್ಯೆ ಇರುವ ಸ್ಟಿಕರ್ ಕೊಡುತ್ತಾರೆ. ಅದನ್ನು ಆಧಾರ್ ಇಡುವ ಜಾಗದಲ್ಲೇ ಇಡಿ. ಮುಂದೆ ಯಾವ ತೊಂದರೆ ಬಂದರೂ ಅದು ಬೇಕಾಗುತ್ತದೆ.

ಪಟ್ಟಿಯನ್ನು ಆಸ್ಪತ್ರೆಯವರು ಬಿಚ್ಚುವವರೆಗೆ ಬಿಚ್ಚಬೇಡಿ. ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ತೋರಿಸುವುದು ರೂಢಿ. ಕಣ್ಣು ಚೆನ್ನಾಗಿ ಕಾಣುತ್ತಿದೆ, ಬಸ್ ಖರ್ಚು ಯಾಕೆ ಎಂದು ಈ ಭೇಟಿಗಳನ್ನು ಬಿಡುವುದು ದೊಡ್ಡ ತಪ್ಪು. ಆಮೇಲೆ ಹಾಕುವ ಸ್ಟೀರಾಯ್ಡ್ ಹನಿ ಕೆಲವರಲ್ಲಿ ಒತ್ತಡ ಏರಿಸುತ್ತದೆ, ಅದು ನೋವಿಲ್ಲದೆ ಏರುತ್ತದೆ. ಮೊದಲೇ ಗ್ಲಾಕೋಮಾ ಹನಿ ಹಾಕುತ್ತಿದ್ದವರು ಬಿಡುಗಡೆಯ ದಿನವೇ ‘ಆ ಹನಿ ಮುಂದುವರಿಸಬೇಕೋ, ನಿಲ್ಲಿಸಬೇಕೋ’ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸ ಹನಿಗಳ ಗದ್ದಲದಲ್ಲಿ ಹಳೆಯದು ನಿಂತುಹೋಗುವುದು ಬಹಳ.

ಸ್ಟೀರಾಯ್ಡ್ ಹನಿಯ ಒಂದು ಸಾಮಾನ್ಯ ಕ್ರಮ ಹೀಗಿರುತ್ತದೆ: ಮೊದಲ ವಾರ ದಿನಕ್ಕೆ 6 ಸಲ, ಎರಡನೇ ವಾರ 5, ಹೀಗೆ ವಾರಕ್ಕೊಂದು ಇಳಿಸುತ್ತ ಆರನೇ ವಾರ 1. ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. 6 ಸಲ ಎಂದರೆ ಬೆಳಿಗ್ಗೆ 6, 9, ಮಧ್ಯಾಹ್ನ 12, 3, ಸಂಜೆ 6, ರಾತ್ರಿ 9. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಇಷ್ಟು ಗೀಟು ಎಂದು ಹಾಕಿದರೆ ಯಾರು ಹಾಕಿದರು, ಯಾರು ಬಿಟ್ಟರು ಎಂಬ ಗೊಂದಲವಿರುವುದಿಲ್ಲ. ಹಾಲಿನಂತೆ ಬೆಳ್ಳಗಿರುವ ಹನಿಯನ್ನು ಪ್ರತಿಸಲ ಚೆನ್ನಾಗಿ ಅಲುಗಾಡಿಸಬೇಕು, ಔಷಧ ತಳದಲ್ಲಿ ಕೂತಿರುತ್ತದೆ. ಪಟ್ಟನೆ ನಿಲ್ಲಿಸಿದರೆ ಉರಿಯೂತ ಮರಳುತ್ತದೆ. ಚೀಟಿ ಮುಗಿದ ಮೇಲೂ ಹಾಕುತ್ತ ಹೋದರೆ ಒತ್ತಡ ಏರುತ್ತದೆ.

ಮೊದಲ ಹತ್ತು ಹದಿನೈದು ದಿನ ತಲೆಗೆ ನೀರು ಬೇಡ. ಕತ್ತಿನ ಕೆಳಗೆ ಸ್ನಾನ, ಮುಖಕ್ಕೆ ಒದ್ದೆ ಬಟ್ಟೆ. ರೆಪ್ಪೆಯ ಮೇಲಿನ ಪಿಸುರನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುದ್ಧ ಹತ್ತಿಯಿಂದ ಮೂಗಿನ ಬದಿಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ ಎಸೆಯಿರಿ. ಸೀರೆಯ ಸೆರಗು, ಹೆಗಲ ಟವೆಲು ಕಣ್ಣಿಗೆ ತಾಗಬಾರದು. ಇದನ್ನು ದಿನಕ್ಕೆ ಹತ್ತು ಸಲ ಹೇಳಬೇಕಾದೀತು, ಹೇಳಿ. ಮಲಗುವಾಗ ಪ್ಲಾಸ್ಟಿಕ್ ಕವಚ ಹಾಕಿ, ಆ ಬದಿಗೆ ಮಲಗಿಸಬೇಡಿ. ಮೊದಲ ವಾರ ನೆಲಕ್ಕೆ ಹಣೆ ತಾಗಿಸುವ ನಮಸ್ಕಾರ, ಸಜ್ದಾ ಬೇಡ, ಕೂತೇ ಮಾಡಲಿ. ತುಂಬಿದ ಕೊಡ, ಚೀಲ ಎತ್ತುವುದು, ಒಲೆ ಊದುವುದು ಒಂದು ತಿಂಗಳು ಬೇಡ. ಹೊಲಕ್ಕೂ ಅಷ್ಟೇ.

ಊಟಕ್ಕೆ ಪಥ್ಯವಿಲ್ಲ. ಬದನೆಕಾಯಿ ನಂಜು, ಮೊಸರು ನಂಜು ಎಂದು ಬರೀ ಗಂಜಿ ಕೊಟ್ಟು ಮುದುಕರನ್ನು ಸೊರಗಿಸಬೇಡಿ. ರೊಟ್ಟಿ, ಪಲ್ಯ, ಮೊಸರು ಎಲ್ಲ ಉಣ್ಣಲಿ; ಮಲಬದ್ಧತೆಯಾಗದಂತೆ ಸೊಪ್ಪು, ನೀರು ಇರಲಿ, ತಿಣುಕಿದರೆ ಕಣ್ಣಿಗೂ ಒತ್ತಡ. ಸಕ್ಕರೆ ಕಾಯಿಲೆಯ ಮಾತ್ರೆ ಒಂದು ದಿನವೂ ತಪ್ಪಬಾರದು.

ಮೊದಲ ದಿನ ಸ್ವಲ್ಪ ಮರಳು ಬಿದ್ದಂತೆ ಚುಚ್ಚುವುದು, ನೀರು ಬರುವುದು ಸಹಜ, ದಿನದಿನಕ್ಕೆ ಕಡಿಮೆಯಾಗಬೇಕು. ಕಡಿಮೆಯಾದದ್ದು ಮತ್ತೆ ಹೆಚ್ಚಾದರೆ, ನಿನ್ನೆ ಕಂಡದ್ದು ಇಂದು ಕಾಣದಿದ್ದರೆ, ರೆಪ್ಪೆ ಊದಿ ಕಣ್ಣು ಕೆಂಪಾಗಿ ನೋವು ಬಂದರೆ ಕಣ್ಣೊಳಗೆ ಸೋಂಕು ತಗುಲಿರಬಹುದು. ಬಹುತೇಕ ಇದು ಎರಡನೇ ದಿನದಿಂದ ಏಳನೇ ದಿನದೊಳಗೆ ಬರುತ್ತದೆ. ಆಗ ಊರಿನ ಮೆಡಿಕಲ್ ಅಂಗಡಿಗೆ ಹೋಗಬೇಡಿ, ಬೆಳಗಾಗಲಿ ಎನ್ನಬೇಡಿ. ಆಪರೇಷನ್ ಮಾಡಿದಲ್ಲಿಗೇ ಹೊರಡಿ. ಕಣ್ಣೊಳಗೇ ಔಷಧದ ಇಂಜೆಕ್ಷನ್ ಕೊಡಬೇಕಾಗುತ್ತದೆ, ತಾಸುಗಳ ಲೆಕ್ಕ. ಮಿಂಚು ಹೊಡೆದಂತೆ ಬೆಳಕು, ಒಮ್ಮೆಲೇ ಹೆಚ್ಚಾದ ಕಪ್ಪುಚುಕ್ಕೆ, ಒಂದು ಬದಿಯಿಂದ ಪರದೆ ಎಳೆದಂತೆ ಕಂಡರೆ ಹಿಂದಿನ ಪಟಲ (ರೆಟಿನಾ) ಕಳಚುತ್ತಿರಬಹುದು. ಅದಕ್ಕೂ ಅಷ್ಟೇ ಆತುರ.

ಕನ್ನಡಕದ ನಂಬರನ್ನು ನಾಲ್ಕರಿಂದ ಆರು ವಾರದ ಮೇಲೆ ಮಾಡಿಸಿ. ತಿಂಗಳುಗಳೋ ವರ್ಷಗಳೋ ಆದ ಮೇಲೆ ಮತ್ತೆ ಮಬ್ಬಾದರೆ ‘ಪೊರೆ ತಿರುಗಿ ಬಂತು’ ಎನ್ನುತ್ತಾರೆ. ಹಾಗೆ ಬರುವುದಿಲ್ಲ, ಉಳಿದ ಚೀಲದ ಹಿಂಬದಿ ಮಸುಕಾಗಿರುತ್ತದೆ. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ತೆರೆಯುತ್ತಾರೆ. ಆದರೆ ಮಬ್ಬಿಗೆ ಕಾರಣ ಅದೇ ಎಂದು ಒಪ್ಪಿಕೊಳ್ಳುವ ಮೊದಲು ಒತ್ತಡವನ್ನೂ ನೋಡಿಸಿ.

ಗ್ಲಾಕೋಮಾ ಹನಿ ಹಾಕುವ ಕೈ

ಗ್ಲಾಕೋಮಾ ಎಂದು ತಿಳಿದವರಿಗೆ ಅಂಚಿನ ನೋಟ ಅಳೆಯುವ ಪರೀಕ್ಷೆ ಮಾಡುತ್ತಾರೆ: ಬಟ್ಟಲಿನಂಥ ಯಂತ್ರದೊಳಗೆ ನೋಡುತ್ತ ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಬೇಕು. ಮೊದಲ ಸಲ ಯಾರಿಗೂ ಸರಿಬರುವುದಿಲ್ಲ, ಎರಡನೆಯದನ್ನು ನೆಚ್ಚಬಹುದು. ಈ ಹಾಳೆಗಳನ್ನು ಎಸೆಯಬೇಡಿ. ರೋಗ ನಿಂತಿದೆಯೇ, ನಡೆಯುತ್ತಿದೆಯೇ ಎಂಬುದು ಹಳೆಯ ಹಾಳೆಯ ಪಕ್ಕ ಹೊಸದನ್ನು ಇಟ್ಟಾಗಲೇ ತಿಳಿಯುತ್ತದೆ.

ಹನಿ ಜೀವನಪರ್ಯಂತ. ನೋಟ ಸುಧಾರಿಸುವುದಿಲ್ಲ, ಹಾಕಿದ್ದಕ್ಕೆ ಏನೂ ಆದಂತೆ ಕಾಣುವುದಿಲ್ಲ, ಹಾಗಾಗಿಯೇ ಜನ ಬಿಡುತ್ತಾರೆ. ಮನೆಯವರು ಇದನ್ನು ಬಿಪಿ ಮಾತ್ರೆಯಂತೆ ನೋಡಬೇಕು.

ಕೈ ತೊಳೆಯಿರಿ. ಮುದುಕರನ್ನು ಮಲಗಿಸಿ ಅಥವಾ ತಲೆ ಹಿಂದಕ್ಕೆ ಬಾಗಿಸಿ. ಕೆಳರೆಪ್ಪೆಯನ್ನು ತೋರುಬೆರಳಿನಿಂದ ಕೆಳಗೆಳೆದರೆ ಸಣ್ಣ ಜೇಬಿನಂತೆ ತೆರೆಯುತ್ತದೆ. ಮೇಲೆ ನೋಡಲು ಹೇಳಿ ಆ ಜೇಬಿಗೆ ಒಂದೇ ಹನಿ. ಬಾಟಲಿಯ ಮೂತಿ ರೆಪ್ಪೆಗೂ ಬೆರಳಿಗೂ ತಾಗಬಾರದು. ಒಂದು ಹನಿ 30ರಿಂದ 50 ಮೈಕ್ರೋಲೀಟರ್ ಇರುತ್ತದೆ, ಕಣ್ಣು ಹಿಡಿಯುವುದು 30ರಷ್ಟು ಮಾತ್ರ. ಎರಡನೇ ಹನಿ ಕೆನ್ನೆಯ ಮೇಲೆ ಇಳಿಯುತ್ತದೆ, ದುಡ್ಡೂ ಇಳಿಯುತ್ತದೆ. ಹಾಕಿದ ಮೇಲೆ ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿಹಿಡಿಯಿರಿ. ಹೀಗೆ ಮಾಡದಿದ್ದರೆ ಔಷಧ ಮೂಗಿನ ಮೂಲಕ ರಕ್ತಕ್ಕೆ ಹೋಗುತ್ತದೆ. ಟಿಮೋಲಾಲ್ ವಿಷಯದಲ್ಲಿ ಇದು ಗಂಭೀರ: ದಮ್ಮು ಇರುವವರಿಗೆ, ನಾಡಿ ನಿಧಾನ ಇರುವವರಿಗೆ ಆ ಹನಿ ಅಪಾಯ. ದಮ್ಮಿನ ಪಂಪ್ ಬಳಸುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ.

ಬಾಟಲಿಯೇ ನಿಮಗೆ ಲೆಕ್ಕ ಹೇಳುತ್ತದೆ. 2.5 ಮಿ.ಲೀ. ಬಾಟಲಿಯಲ್ಲಿ ಸುಮಾರು 80 ಹನಿ. ರಾತ್ರಿಗೆ ಎರಡೂ ಕಣ್ಣಿಗೆ ಒಂದೊಂದು ಎಂದರೆ ತಿಂಗಳಿಗೆ 60. ಹದಿನೈದು ದಿನಕ್ಕೆ ಖಾಲಿಯಾದರೆ ಹೊರಗೆ ಚೆಲ್ಲುತ್ತಿದೆ; ಎರಡು ತಿಂಗಳಾದರೂ ಉಳಿದಿದ್ದರೆ ಮುತ್ಯಾ ಹಾಕುತ್ತಿಲ್ಲ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ, ಒಂದು ತಿಂಗಳಾದ ಮೇಲೆ ಉಳಿದದ್ದನ್ನು ಎಸೆಯಿರಿ.

ಲ್ಯಾಟಾನೊಪ್ರೋಸ್ಟ್‌ನಂಥ ಹನಿಗಳು ತೆರೆಯುವ ಮೊದಲು 2ರಿಂದ 8 ಡಿಗ್ರಿಯಲ್ಲಿ, ತೆರೆದ ಮೇಲೆ 25 ಡಿಗ್ರಿಯ ಒಳಗೆ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ದಾಟುವಾಗ ಕಪಾಟಿನಲ್ಲಿಟ್ಟ ಹನಿ ಕೆಡುತ್ತದೆ. ಫ್ರಿಜ್ ಇದ್ದರೆ ಬಾಗಿಲಿನ ಕಡೆ ಇಡಿ, ಮಂಜುಗಡ್ಡೆಯ ಖಾನೆಯಲ್ಲಿ ಬೇಡ. ಫ್ರಿಜ್ ಇಲ್ಲದವರು ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣದಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಿನದರಲ್ಲಿ ಮುಚ್ಚಳದ ಡಬ್ಬಿಯಲ್ಲಿ ಬಾಟಲಿ ಇಟ್ಟು ನೆರಳಲ್ಲಿಡಿ; ನಮ್ಮ ಒಣ ಹವೆಯಲ್ಲಿ ಇದು ಒಳ್ಳೆಯ ತಂಪು ಕೊಡುತ್ತದೆ. ಮೆಡಿಕಲ್ ಅಂಗಡಿಯಿಂದ ಹಳ್ಳಿಗೆ ಒಯ್ಯುವಾಗ ಬೈಕಿನ ಬಾಕ್ಸಿನಲ್ಲಿ ಹಾಕಬೇಡಿ, ಒದ್ದೆ ಬಟ್ಟೆ ಸುತ್ತಿ ಕೈಚೀಲದಲ್ಲಿ ಒಯ್ಯಿರಿ.

ಮನೆಯ ಉಳಿದವರು, ಮಕ್ಕಳು

ಒಬ್ಬರಿಗೆ ಗ್ಲಾಕೋಮಾ ಎಂದಾದರೆ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ನಲವತ್ತಾದ ಮೇಲೆ ವರ್ಷಕ್ಕೊಮ್ಮೆ ಒತ್ತಡ, ನರ ನೋಡಿಸಬೇಕು. ಮುತ್ಯಾನ ಜೊತೆ ಹೋದ ದಿನವೇ ನೀವೂ ಒಂದು ಚೀಟಿ ಮಾಡಿಸಿಬಿಡಿ.

ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆಯಾದ ಮನೆಗಳಲ್ಲಿ ಹುಟ್ಟಿನಿಂದಲೇ ಬರುವ ಗ್ಲಾಕೋಮಾದ ಸಾಧ್ಯತೆ ಹೆಚ್ಚು. ಕೂಸಿನ ಕಣ್ಣು ದೊಡ್ಡದಾಗಿ ಚೆಂದ ಕಾಣುತ್ತದೆ, ಆದರೆ ಬೆಳಕಿಗೆ ಬಂದರೆ ಮುಖ ಮುಚ್ಚಿಕೊಳ್ಳುತ್ತದೆ, ಸದಾ ನೀರು ಸುರಿಯುತ್ತದೆ, ಕಪ್ಪುಗುಡ್ಡೆ ಮಂಜು ಮುಸುಕಿದಂತಿದೆ. ಇವು ಕಂಡರೆ ದೃಷ್ಟಿ ತೆಗೆದು ಸುಮ್ಮನಿರದೆ ಅದೇ ವಾರ ತೋರಿಸಿ. ಇದಕ್ಕೆ ಆಪರೇಷನ್ನೇ ಚಿಕಿತ್ಸೆ. ಕೂಸಿನ ಪಾಪೆಯಲ್ಲಿ ಬಿಳಿ ಕಂಡರೂ ಹಾಗೆಯೇ. ಹುಟ್ಟುಪೊರೆ ದಟ್ಟವಾಗಿದ್ದರೆ ಮೊದಲ ಆರೆಂಟು ವಾರದೊಳಗೆ ತೆಗೆಸಬೇಕು, ತಡವಾದರೆ ಮೆದುಳು ನೋಡುವುದನ್ನೇ ಕಲಿಯುವುದಿಲ್ಲ. ಬಿಳಿ ಪಾಪೆ ಕಣ್ಣಿನ ಗಡ್ಡೆಯ ಗುರುತೂ ಆಗಿರಬಹುದು.

ಶಾಲೆಗೆ ಹೋಗುವ ಮಕ್ಕಳ ವಿಷಯ ಇನ್ನೂ ಕಳವಳದ್ದು. ನಮ್ಮ ಬಿಸಿಲು, ಧೂಳಿಗೆ ಗಂಡುಹುಡುಗರಲ್ಲಿ ಅಲರ್ಜಿಯ ಕೆಂಗಣ್ಣು ಬಹಳ. ಬೇಸಿಗೆ ಬಂತೆಂದರೆ ತುರಿಕೆ, ದಾರದಂಥ ಪಿಸುರು. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಒಂದು ಹನಿ ಕೊಡುತ್ತಾರೆ, ಎರಡೇ ದಿನಕ್ಕೆ ಕಣ್ಣು ತಿಳಿಯಾಗುತ್ತದೆ, ಅದೇ ಬಾಟಲಿ ವರ್ಷಗಟ್ಟಲೆ ಮುಂದುವರಿಯುತ್ತದೆ. ಅದರ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಕೆಲವೇ ವಾರಗಳಲ್ಲಿ ಒತ್ತಡ ಏರಬಹುದು, ತಿಂಗಳುಗಳಾದರೆ ಪೊರೆಯೂ ಬರುತ್ತದೆ. ಹುಡುಗ ಹದಿನೈದಕ್ಕೇ ಬೋರ್ಡು ಕಾಣದೆ ಬಂದಾಗ ನರ ಅರ್ಧ ಹೋಗಿರುತ್ತದೆ. ತೊಗರಿ ಕಟ್ಟಿಗೆ, ಜೋಳದ ಗರಿ ತಾಗಿದ ಕಣ್ಣಿಗೆ ಅದೇ ಹನಿ ಹಾಕಿದರೆ ಒಳಗಿನ ಬೂಷ್ಟಿನ ಹುಣ್ಣು ಹಬ್ಬಿಬಿಡುತ್ತದೆ. ಮನೆಯಲ್ಲಿರುವ ಎಲ್ಲ ಕಣ್ಣಿನ ಬಾಟಲಿಗಳನ್ನು ಇಂದೇ ತೆಗೆದು ಹೆಸರು ಓದಿ. ಈ ಮೂರರಲ್ಲಿ ಒಂದು ಸಿಕ್ಕು, ಅದನ್ನು ಮಗು ತಿಂಗಳಿಗಿಂತ ಹೆಚ್ಚು ಹಾಕಿದ್ದರೆ, ಬಾಟಲಿ ಸಮೇತ ಕಣ್ಣಿನ ಡಾಕ್ಟರ ಹತ್ತಿರ ಒಯ್ದು, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ ಎಂದು ಹೇಳಿ ಒತ್ತಡ ಅಳೆಸಿ.